ಒಂಟಿಕಾಲಿನ ಮೇಲ್ಮನವಿ

ಬೇಟೆಗಾರನ ಉರುಲಿಗೆ ಸಿಕ್ಕಿ ಒಂದು ಕಾಲು ಕಳೆದುಕೊಂಡ ನೀರುಕೋಳಿಗೆ ಕೆರೆಯ ಹಕ್ಕಿಗಳೆಲ್ಲ ಸೇರಿ ದಿನವೂ ಒಂದು ಪಾಲು ಮೀನು ಕೊಡುತ್ತಿದ್ದವು. ಆ ಪಾಲು ಇನ್ನೂ ಬೇಕೇ ಎಂದು ಮರುಪರೀಕ್ಷೆ ಮಾಡಲು ಕೊಕ್ಕರೆ ಬಂದಿತು.

"ನಿನಗೆ ನಿಲ್ಲಲು ಬರುತ್ತದೆಯೇ?"

"ಒಂದೇ ಕಾಲಿನ ಮೇಲೆ, ಸ್ವಾಮಿ. ಅದೂ ಸ್ವಲ್ಪ ಹೊತ್ತು."

"ನಾನೂ ಬೆಳಗಿನಿಂದ ಒಂದೇ ಕಾಲಿನ ಮೇಲೆ ನಿಂತಿದ್ದೇನೆ. ಯಾರ ಬಳಿಯಾದರೂ ಪಾಲು ಕೇಳಿದೆನೇ?"

"ತಮ್ಮ ಇನ್ನೊಂದು ಕಾಲು ಹೊಟ್ಟೆಯ ಪುಕ್ಕದೊಳಗಿದೆ."

"ಪರೀಕ್ಷೆ ನಿನ್ನ ಕಾಲಿನದು, ನನ್ನದಲ್ಲ."

ಅಂದೇ ಪಾಲು ನಿಂತಿತು. ಒಪ್ಪದವರು ಆಚೆ ದಡಕ್ಕೆ ಬಂದು ಮೇಲ್ಮನವಿ ಹೇಳಿಕೊಳ್ಳಬಹುದು ಎಂದು ಕೊಕ್ಕರೆ ಹಾರಿಹೋಯಿತು. ನೀರಿನ ಮೇಲೆ ನಾಲ್ಕು ಹೆಜ್ಜೆ ಓಡದೆ ನೀರುಕೋಳಿಗೆ ಹಾರಲಾಗದು. ಹಾಗಾಗಿ ಅದು ಈಜಲು ಹೊರಟಿತು. ಒಂದೇ ಕಾಲಿನಿಂದ ನೀರು ತಳ್ಳಿದರೆ ಮೈ ಇದ್ದಲ್ಲೇ ಸುತ್ತುತ್ತದೆ. ಗಾಳಿ ಆ ಕಡೆಗೆ ತಿರುಗುವವರೆಗೂ ಅದು ಕೆರೆಯ ನಡುವೆ ಹಸಿದುಕೊಂಡು ಸುತ್ತುತ್ತಲೇ ಇತ್ತು. ಕಡೆಗೆ ದಡ ಮುಟ್ಟಿ ಕೆಸರಿನಲ್ಲಿ ಕುಸಿದು ಕೂತಿತು. ತಲೆ ಎತ್ತಿದರೆ ಎದುರಿಗೆ ಅದೇ ಕೊಕ್ಕರೆ.

"ಮೇಲ್ಮನವಿ ಕೇಳುವವರೂ ತಾವೇ?"

"ಅಂದು ಎಡಗಾಲಿನ ಮೇಲೆ ನಿಂತು ತೀರ್ಮಾನ ಕೊಟ್ಟಿದ್ದೆ." ಕೊಕ್ಕರೆ ಬಲಗಾಲನ್ನು ಕೆಳಗಿಳಿಸಿ ಊರಿ, ಎಡಗಾಲನ್ನು ಪುಕ್ಕದೊಳಗೆ ಎಳೆದುಕೊಂಡಿತು. "ಈಗ ಎಲ್ಲವನ್ನೂ ಹೊಸದಾಗಿ ಕೇಳುತ್ತೇನೆ. ಆದರೆ ಕೂತು ಹೇಳಿದ ಮಾತು ಇಲ್ಲಿ ಲೆಕ್ಕಕ್ಕಿಲ್ಲ. ಎದ್ದು ನಿಂತು ಹೇಳು."

ಹೇಳುವುದು ಬಹಳವಿತ್ತು. ನೀರುಕೋಳಿ ರೆಕ್ಕೆಗಳನ್ನು ಕೆಸರಿಗೆ ಊರಿ, ಬಿದ್ದು, ಮತ್ತೆ ಬಿದ್ದು, ಹೇಗೋ ಎದ್ದು ನಿಂತು ಕೊಕ್ಕು ತೆರೆಯಿತು.

"ಸಾಕು," ಎಂದಿತು ಕೊಕ್ಕರೆ. "ನಿಂತದ್ದನ್ನು ನೋಡಿದೆ."