ಟ್ರೈ ಮಾಡ್ತೀನಿ ಅಂದ ಶಿಷ್ಯ

ನಾನು ಕಂಡ ಹೊಳೆ ಈಗಿನ ಹೊಳೆಯಲ್ಲ. ಆಗ ಅದರಲ್ಲಿ ಒಂದೊಂದು ಮೀನು ಹೊರಳಬೇಕಾದರೆ ಎರಡೂ ದಡದವರು ಮನೆ ಹಿಂದಕ್ಕೆ ಸರಿಸಿಕೊಳ್ಳಬೇಕಿತ್ತು. ಹರಿಗೋಲು ಅಂದುಕೊಂಡು ಅಂಥದೊಂದರ ಬೆನ್ನೇರಿ ಆಚೆ ದಡ ಮುಟ್ಟಿದವನು ಈ ಸೀಮೆಯಲ್ಲಿ ನಾನೊಬ್ಬನೇ.

ಆ ಹೊಳೆಯ ದಡದಲ್ಲಿ ಮುಪ್ಪಯ್ಯ ತಾತನ ಮಠ. ಮಠವೆಂದರೆ ಒಂದು ಗುಡಿಸಲು, ಒಂದು ಹೊಂಗೆ ಮರ. ತಾತ ಸುಮ್ಮನೆ ಕೂತರೆ ಹೊಳೆಯೂ ಸದ್ದಿಲ್ಲದೆ ಹರಿಯುತ್ತಿತ್ತು. ಸುಳ್ಳಲ್ಲ, ನನ್ನ ಕಿವಿಯಾರೆ ಕೇಳಿದ್ದೇನೆ.

ತಾತನಿಗೆ ಒಬ್ಬನೇ ಶಿಷ್ಯ, ಬೋರಲಿಂಗ. ಪೇಟೆಯ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದವನು, ಎಲ್ಲ ಬಿಟ್ಟು ಬಂದಿದ್ದ. ಹುಣ್ಣಿಮೆಯ ಮಧ್ಯಾಹ್ನ ಅವನಿಗೆ ದೀಕ್ಷೆ ಎಂದು ತಾತ ಮಾತು ಕೊಟ್ಟಿದ್ದರು. ಅವನಿಗೆ ಇದ್ದದ್ದು ಅದೊಂದೇ ಆಸೆ.

ಹೀಗಿರುವಾಗ ಅಂಬಿಗರ ದುರುಗಪ್ಪ ಹರಿಗೋಲಿನಿಂದಲೇ ಆಚೆ ದಡದ ಸುದ್ದಿ ಕೂಗಿ ಹೇಳಿದ. ಬೋರಲಿಂಗನ ಅಕ್ಕ ತಿಪ್ಪಕ್ಕ ಮಗನ ಮುಡಿ ತೆಗೆಸುತ್ತಾಳಂತೆ, ಹುಣ್ಣಿಮೆಯ ದಿನವೇ, ತಮ್ಮ ಬರಬೇಕಂತೆ.

ನಮ್ಮ ಕಡೆ ಮಗುವಿನ ಹುಟ್ಟುಗೂದಲು ತೆಗೆಸಬೇಕಾದರೆ ಸೋದರಮಾವ ಬೇಕೇ ಬೇಕು. ಮಗು ಅವನ ತೊಡೆಯ ಮೇಲೆ ಕೂರಬೇಕು, ಮೊದಲ ಕತ್ತರಿ ಅವನೇ ಹಾಕಬೇಕು. ಈ ಮಾವ ಹೋದ ಸಲವೂ ಬರಲಿಲ್ಲ. ಕಾದೂ ಕಾದೂ ಆ ಕೂಸಿನ ತಲೆಯಲ್ಲಿ ಗುಬ್ಬಿ ಗೂಡು ಕಟ್ಟಿತ್ತು. ಊರವರು ಮೊಟ್ಟೆ ನೋಡಿದ್ದಾರೆ, ನಾನು ಮರಿಗಳನ್ನೇ ನೋಡಿದ್ದೇನೆ.

ಬೋರಲಿಂಗ ದಡದಲ್ಲಿ ನಿಂತು, "ಟ್ರೈ ಮಾಡ್ತೀನಿ ಅಂತ ಹೇಳು ದುರುಗಣ್ಣ," ಅಂದ.

ಹೋದ ಸಲವೂ ಇದನ್ನೇ ಹೊತ್ಕೊಂಡು ಹೋದೆ, ನಿನ್ನ ಮಾತಿಗೆ ತೂಕವೇ ಇಲ್ಲ ಕಣಯ್ಯ ಅಂತ ಗೊಣಗುತ್ತ ದುರುಗಪ್ಪ ಹುಟ್ಟು ಹಾಕಿದ.

ತಾತನಿಗೆ ಇಂಗ್ಲಿಷ್ ಬಾರದು. ನನಗೂ ಬಾರದು, ಆದರೂ ಒಬ್ಬ ದೊರೆಯನ್ನು ಬರೀ ಕೈಸನ್ನೆಯಲ್ಲಿ ನಗಿಸಿ ಅಳಿಸಿದ್ದೇನೆ. ಆ ಟ್ರೈ ಅಂದರೇನಪ್ಪ ಎಂದು ತಾತ ಕೇಳಿದರು.

ಬೋರಲಿಂಗನಿಗೆ ಹುರುಪು ಬಂತು. ಅದು ಬಲು ಒಳ್ಳೇ ಮಾತು ತಾತ, ಪೇಟೆಯಲ್ಲಿ ಅದಿಲ್ಲದೆ ಹೊತ್ತು ಹೋಗಲ್ಲ ಅಂದ. ಇದ್ದ ಸೀರೆಯನ್ನೆಲ್ಲ ಬಿಚ್ಚಿಸಿ ನೋಡಿದ ಗಿರಾಕಿ ಸಂಜೆ ಬರೋಕೆ ಟ್ರೈ ಮಾಡ್ತೀನಿ ಅಂದರೆ, ಸೀರೆ ಮಡಚಿಡಬಹುದು. ಸಾಹುಕಾರರು ನಿನ್ನ ರಜೆಗೆ ಟ್ರೈ ಮಾಡೋಣ ಅಂದರೆ, ಊರಿಗೆ ಕಟ್ಟಿದ ಗಂಟು ಬಿಚ್ಚಬಹುದು. ಮಗ ಪೊಲೀಸ್ ಕೆಲಸಕ್ಕೆ ಟ್ರೈ ಮಾಡ್ತಿದ್ದಾನೆ ಅಂದರೆ, ಮನೇಲಿ ಮಲಗಿದ್ದಾನೆ. ಡಾಕ್ಟರು ಟ್ರೈ ಮಾಡ್ತಿದ್ದೀವಿ ಅಂದರೆ, ದೇವರಿಗೆ ಹರಕೆ ಹೊರಬೇಕು. ಒಟ್ಟಿನಲ್ಲಿ ಯಾರ ಮನಸ್ಸೂ ನೋಯಲ್ಲ.

ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ ಕೇಳಿದರು: "ನಿಮ್ಮಕ್ಕನಿಗೆ ಹೇಳಿ ಕಳಿಸಿದ್ದು ಇದರಲ್ಲಿ ಯಾವುದಪ್ಪ?"

ಬೋರಲಿಂಗ ಹೊಳೆಯ ಕಡೆ ನೋಡಿದ. ಹೋದರೆ ದೀಕ್ಷೆ ತಪ್ಪುತ್ತೆ, ಬರಲ್ಲ ಅಂದರೆ ಅಕ್ಕ ಅಳ್ತಾಳೆ, ನನ್ನನ್ನ ಸೊಂಟದ ಮೇಲೆ ಹೊತ್ತು ಸಾಕಿದವಳು ಅಂದ.



ಹುಣ್ಣಿಮೆಯ ಹಿಂದಿನ ದಿನ ಬೋರಲಿಂಗ ಗುಡಿಸಲು ಸಾರಿಸಿದ, ಬಿಳೀ ಪಂಚೆ ಒಗೆದು ಹರವಿದ, ತಾತನ ಮುಂದೆ ಕೈಕಟ್ಟಿ ನಿಂತ.

"ನಾಳೆ ಮಧ್ಯಾಹ್ನ ತಾನೇ ತಾತ, ದೀಕ್ಷೆ?"

ತಾತ ಅವನ ತಲೆ ಸವರಿದರು.

"ಟ್ರೈ ಮಾಡ್ತೀನಿ ಮಗ."

ಬೋರಲಿಂಗ ನಕ್ಕ. ಆಮೇಲೆ ನಗು ನಿಲ್ಲಿಸಿ ತಾತನ ಮುಖ ನೋಡಿದ. ಅವತ್ತು ಗಂಜಿ ಮುಟ್ಟಲಿಲ್ಲ. ಕೊಡ್ತಾರೆ ಅಂದುಕೊಂಡರೆ ಕೊಡಲ್ಲ ಅನ್ನಿಸುತ್ತಿತ್ತು. ಕೊಡಲ್ಲ ಅಂದುಕೊಂಡರೆ, ಎದ್ದು ಹೋಗಿ ಪಂಚೆ ಒಣಗಿತೋ ಇಲ್ಲವೋ ಅಂತ ಮುಟ್ಟಿ ನೋಡುತ್ತಿದ್ದ.

ಬೆಳಗಾದ ಕೂಡಲೇ ಆ ಪಂಚೆ ಉಟ್ಟು ಬಂದು ತಾತನ ಕಾಲಿಗೆ ಬಿದ್ದ.

"ಅಕ್ಕನೂ ಹಿಂಗೇ ಕೂತಿರ್ತಾಳೆ ತಾತ. ಬರಲ್ಲ ಅಂತ ನಾನೇ ಹೋಗಿ ಹೇಳಿ ಬರ್ತೀನಿ. ಮಧ್ಯಾಹ್ನದೊಳಗೆ ಇಲ್ಲಿರ್ತೀನಿ."

ಹೋಗಿ ಬಾ ಅಂದರು. ದುರುಗಪ್ಪ ಅವನನ್ನು ಕೂರಿಸಿಕೊಂಡು ಹೊರಟ.

ಮಧ್ಯಾಹ್ನ ಬಂತು, ಹೋಯಿತು. ಬಿಸಿಲು ಇಳಿಯಿತು. ತಾತ ಹೊಂಗೆ ಮರದ ಕೆಳಗೆ ಕೂತೇ ಇದ್ದರು.

ಸಂಜೆಗೆ ಹರಿಗೋಲು ದಡಕ್ಕೆ ಬಂತು. ಬೋರಲಿಂಗ ಇಳಿದವನು ಹತ್ತಿರ ಬರದೆ ದೂರದಲ್ಲೇ ನಿಂತ. ಬರಲ್ಲ ಅಂತ ಹೇಳಿದೆಯಾ ಎಂದು ತಾತ ಕೇಳಿದರು.

ಹೇಳಿದೆ ಅಂದ. ಅಕ್ಕ ಅಳಲಿಲ್ಲವಂತೆ. ಆಗಲಿ ಕಣೋ, ಹೇಳೋಕಾದರೂ ಬಂದೆಯಲ್ಲ, ಉಂಡು ಹೋಗು ಅಂದಳಂತೆ. ಅಂಗಳದಲ್ಲಿ ಮಾವನಿಗೆ ಹಾಕಿದ ಮಣೆ ಖಾಲಿ ಇತ್ತಂತೆ, ಕ್ಷೌರದವನು ಅದರ ಪಕ್ಕದಲ್ಲಿ ತೂಕಡಿಸುತ್ತಿದ್ದನಂತೆ. ಇವನು ಒಂದು ಗಳಿಗೆ ಅಂತ ಜಗಲಿಯ ಮೇಲೆ ಕೂತಿದ್ದಾನೆ. ಆ ಕೂಸು ಕಣ್ಣ ಮೇಲಿನ ಕೂದಲು ಸರಿಸಿ ಇವನನ್ನು ನೋಡಿದೆ. ನೋಡಿ, ಯಾರೂ ಕರೆಯದೆ ತಾನಾಗಿ ಬಂದು ತೊಡೆ ಏರಿದೆ.

"ಹೊತ್ತು ಮೀರಿಸಿಬಿಟ್ಟೆ ತಾತ," ಅಂದ ಬೋರಲಿಂಗ, ತಲೆ ಎತ್ತದೆ.

ಅವನ ಬಿಳೀ ಪಂಚೆಯ ತುಂಬ ಎಳೇ ಕೂದಲು ಅಂಟಿತ್ತು. ಅದು ಕಣ್ಣಿಗೆ ಬಿದ್ದು, ನಾಚಿಕೊಂಡು ಕೊಡವಲು ಹೋದ.

ತಾತ ತಮ್ಮ ಮುಂದಿನ ಚಾಪೆ ತಟ್ಟಿದರು.

"ಕೊಡವಬೇಡ. ಹಂಗೇ ಬಂದು ಕೂತ್ಕೋ, ಮಂತ್ರ ಹೇಳ್ತೀನಿ."