ಹಕ್ಕಿಯಂತೆ ಹಾರಿದ ಕಾರು

ಹುಬ್ಬಳ್ಳಿಯ ಬಸವಂತಪ್ಪ ಸಾಹುಕಾರರಿಗೆ ರೇಸಿನ ಹುಚ್ಚು. ಕಾರನ್ನು ಗ್ಯಾರೇಜಿಗೆ ತಂದು ಮಿಸ್ತ್ರಿಗೆ ಹುಕುಂ ಮಾಡಿದರು: “ಬಾಗಿಲದೊಳಗಿನ ಅಡ್ಡಗಂಬಿ ಎಲ್ಲಾ ಕಿತ್ತು ಒಗಿ. ಗಾಡಿ ಹಗುರ ಆಗ್ಬೇಕು. ಆಗಂಗಿಲ್ಲ ಅಂದ್ರ ಬ್ಯಾರೆ ಗ್ಯಾರೇಜ್ ಅದಾವ.”

ಡಿಕ್ಕಿಯಾದರೆ ಜೀವ ಉಳಿಸುವ ಕಂಬಿಗಳವು. ಮಿಸ್ತ್ರಿ ತಲೆ ಕೆರೆದುಕೊಂಡ.

ಸಂಜೆ ಸಾಹುಕಾರರು ಗಾಡಿ ಪೂಜೆಗೆಂದು ಹೆಂಡತಿಯನ್ನೂ ಕರೆತಂದರು. ಮೂಲೆಯಲ್ಲಿ ಕಂಬಿಗಳ ಗುಡ್ಡೆ ಬಿದ್ದಿತ್ತು. ನೋಡಿ ಖುಷಿಯಾಗಿ ಒಬ್ಬರೇ ಕಾರಿನಲ್ಲಿ ಒಂದು ಸುತ್ತು ಹೊಡೆದು ಬಂದರು. “ಹಕ್ಕಿಹಂಗ ಹಾರತೈತಿ!” ಎಂದು ಮೀಸೆ ತಿರುವಿದರು.

ಮಿಸ್ತ್ರಿ ಗಾಲಿಯಡಿ ನಿಂಬೆಹಣ್ಣು ಇಟ್ಟ. “ಈಗ ಅಕ್ಕಾರ್ನ ಕುಂದ್ರಿಸಿಕೊಂಡು ಹೋಗ್ರಿ ಸಾಹುಕಾರ್ರ. ಪೂಜಿ ಆದಮ್ಯಾಲೆ ಮನಿ ಲಕ್ಷ್ಮಿ ಕುಂದ್ರಬೇಕು, ನಮ್ಮ ಗ್ಯಾರೇಜಿನ ಪದ್ಧತಿರಿ.”

ಸಾಹುಕಾರರ ಹೆಂಡತಿ ಸೆರಗು ಸರಿಮಾಡಿಕೊಂಡು ಕಾರಿನ ಬಾಗಿಲಿಗೆ ಕೈ ಹಾಕಿದರು. ಸಾಹುಕಾರರು ಓಡಿಬಂದು ಆ ಕೈ ಹಿಡಿದರು.

“ಏ, ಆಕಿ ಬ್ಯಾಡ! ಯಾರರ ಬಂದು ಗುದ್ದಿದ್ರ? ಮೊದ್ಲ ಕಂಬಿ ವಾಪಸ್ ಹಾಕು!”

“ಆ ಗುಡ್ಡೆ ಹಳೇ ಗುಜರಿ ಕಂಬಿದುರಿ. ನಿಮ್ಮ ಕಂಬಿ ಬಾಗಿಲದಾಗ ಹಂಗ ಅದಾವ.”

ಸಾಹುಕಾರರು ಗುಡ್ಡೆ ನೋಡಿದರು, ಕಾರು ನೋಡಿದರು, ಮತ್ತೆ ಗುಡ್ಡೆ ನೋಡಿದರು.

“ಮತ್ತ... ಆಗ ಹಕ್ಕಿಹಂಗ ಹಾರಿತಲ್ಲೋ?”

“ಅದ ನನಗೂ ತಿಳಿವಲ್ದು ನೋಡ್ರಿ,” ಎಂದ ಮಿಸ್ತ್ರಿ.