ಕೆನ್ನೆಯ ಬಿಳುಪು

“ಗುರುಗಳೇ, ತೀರಿಕೊಂಡ ನನ್ನ ತಮ್ಮನ ನೆನಪು ಉಳಿಯಬೇಕು, ಅವನು ನರಳಿದ ನೆನಪು ಮಾತ್ರ ಹೋಗಬೇಕು. ಅದಕ್ಕೆ ದಾರಿ ಉಂಟೇ?” ಎಂದು ಶಿಷ್ಯ ಕೇಳಿದ.

“ಹಾಗಲಕಾಯಿ ಬೇಕು, ಕಹಿ ಬೇಡ ಅನ್ನುತ್ತೀಯ. ಇರಲಿ, ಕೂತುಕೋ,” ಎಂದು ಗುರುಗಳು ಈ ಕತೆ ಹೇಳಿದರು.

ಒಬ್ಬ ಚಿತ್ರಕಾರನಿದ್ದ. ನೀರಿನಲ್ಲಿ ಕಲಸಿದ ಬಣ್ಣದಿಂದ ಜನರ ಮುಖ ಬರೆಯುವುದು ಅವನ ಕಸುಬು. ಆ ಕಸುಬಿನಲ್ಲಿ ಎರಡು ದಾರಿ. ಒಂದರಲ್ಲಿ ಬಣ್ಣ ತಿಳಿಯಾಗಿರುತ್ತದೆ, ಅಡಿಯ ಕಾಗದ ಅದರೊಳಗಿಂದ ಕಾಣುತ್ತಲೇ ಇರುತ್ತದೆ. ಅಲ್ಲಿ ಬಿಳಿ ಬಣ್ಣವೇ ಇಲ್ಲ, ಬೆಳಕು ಬೇಕಾದ ಕಡೆ ಕಾಗದವನ್ನು ಬರಿದೇ ಬಿಡಬೇಕು. ಕೈ ತಪ್ಪಿದರೆ ತಪ್ಪಿದಂತೆಯೇ. ಇನ್ನೊಂದರಲ್ಲಿ ಬಣ್ಣಕ್ಕೆ ಬಿಳಿ ಬೆರೆಸಿ ಮಂದ ಮಾಡುತ್ತಾರೆ. ಅದು ಅಡಿಯಲ್ಲಿ ಏನಿದ್ದರೂ ಮುಚ್ಚುತ್ತದೆ. ಸಾಹುಕಾರರಿಗೆಲ್ಲ ಅವನು ಮಂದ ಬಣ್ಣದಲ್ಲೇ ಬರೆದುಕೊಡುತ್ತಿದ್ದ. ಮುಖದ ಮೇಲಿನ ಸಿಡುಬಿನ ಕಲೆ ಒಂದೇ ಏಟಿಗೆ ಮಾಯ. ಸಾಹುಕಾರನೂ ಖುಷಿ, ಇವನೂ ಖುಷಿ. ಊರೂರು ತಿರುಗುವ ಕೆಲಸವಾದ್ದರಿಂದ ಮನೆಯಲ್ಲಿ ಇದ್ದದ್ದೇ ಕಡಿಮೆ.

ಅವನಿಗೆ ಒಬ್ಬಳೇ ಮಗಳು. ಅವಳಿಗೆ ಕ್ಷಯ ಹಿಡಿಯಿತು. ಸುದ್ದಿ ತಿಳಿದು ಓಡಿಬಂದ. ವೈದ್ಯ ಅಷ್ಟರಲ್ಲಿ ಕೈಚೆಲ್ಲಿದ್ದ. ಮಾಡಲು ಬೇರೇನೂ ಉಳಿದಿರಲಿಲ್ಲ, ಹಾಸಿಗೆಯ ಪಕ್ಕ ಕೂತು ಅವಳ ಚಿತ್ರ ಬರೆದ. ಅವಳದ್ದೇನನ್ನೂ ಮುಚ್ಚುವ ಮನಸ್ಸಾಗದೆ ತಿಳಿಬಣ್ಣವನ್ನೇ ತೆಗೆದುಕೊಂಡ. ಬಿಳಿಚಿದ ಕೆನ್ನೆಯ ಕಡೆ ಕಾಗದವನ್ನು ಹಾಗೇ ಬಿಟ್ಟ. ಕಣ್ಣಿನ ಕೆಳಗೆ ತೆಳುವಾಗಿ ನೀಲಿ ಎಳೆದ. ಮಗಳು ಅದನ್ನು ನೋಡಿ ನಕ್ಕಳು. ಆ ವಾರವೇ ತೀರಿಕೊಂಡಳು.

ಚಿತ್ರ ಗೋಡೆಗೆ ಬಂತು. ತಾಯಿ ಮನೆಗೆಲಸದ ನಡುವೆ ಬಂದು ಅದರ ಮುಂದೆ ನಿಂತು ಹೋಗುತ್ತಿದ್ದಳು. ತಂದೆಗೆ ಮಾತ್ರ ನೋಡಲಾಗುತ್ತಿರಲಿಲ್ಲ. ಆ ಕೆನ್ನೆ ಕಂಡರೆ ಕೆಮ್ಮು ಕೇಳಿಸುತ್ತಿತ್ತು, ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದು ದಿನ ಹೆಂಡತಿ ತವರಿಗೆ ಹೋಗಿದ್ದಾಗ ಚಿತ್ರವನ್ನು ಕೆಳಗಿಳಿಸಿದ. ಕೆನ್ನೆಯಷ್ಟನ್ನು ಸರಿಮಾಡಿದರೆ ಸಾಕು ಅಂದುಕೊಂಡ. ಬಿಳಿ ಬೆರೆಸಿದ ನಸುಗೆಂಪು ಹಚ್ಚಿದ. ಕೆನ್ನೆ ತುಂಬಿಕೊಂಡಿತು. ಆದರೆ ಅದರ ಪಕ್ಕದಲ್ಲಿ ತಿಳಿಬಣ್ಣದ ಹಣೆ ಕೊಳೆಯಾದಂತೆ ಕಂಡಿತು. ಹಣೆಗೂ ಹಚ್ಚಿದ. ಆಮೇಲೆ ಕಣ್ಣು ಒಳಕ್ಕೆ ಹೂತಂತೆ ಕಂಡಿತು. ಅದನ್ನೂ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಮುಖವಿಡೀ ಮುಚ್ಚಿಹೋಗಿತ್ತು. ಗುಂಡುಗುಂಡಾದ ಹುಡುಗಿಯೊಬ್ಬಳು ಅಲ್ಲಿ ನಗುತ್ತಿದ್ದಳು. ಅವತ್ತು ಅವನು ಹೊಟ್ಟೆ ತುಂಬ ಉಂಡ.

ಹೆಂಡತಿ ಬಂದಳು. ಗೋಡೆಯ ಕಡೆ ನೋಡಿದಳು. “ಯಾರ ಮಗಳ್ರೀ ಇದು?” ಎಂದಳು.

“ನಮ್ಮವಳೇ ಕಣೆ. ಕಾಯಿಲೆ ಬರೋಕೆ ಮುಂಚೆ ಹೀಗೇ ಇರ್ಲಿಲ್ವೇ?”

“ಕಾಯಿಲೆ ಬರೋಕೆ ಮುಂಚೆ ನೀವು ಅವಳನ್ನ ಯಾವತ್ತು ಕೂತು ನೋಡಿದ್ರಿ?”

ಅವನು ಚಿತ್ರವನ್ನು ಮತ್ತೆ ಕೆಳಗಿಳಿಸಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬಟ್ಟೆ ಒದ್ದೆ ಮಾಡಿ ಮೇಲಿನ ಬಣ್ಣವನ್ನು ಒರೆಸತೊಡಗಿದ. ಮಂದ ಬಣ್ಣ ಒಂದೇ ಏಳುತ್ತದೆಯೇ? ಅಡಿಯ ತಿಳಿಬಣ್ಣವನ್ನೂ ಕಲಸಿಕೊಂಡು ಬಂತು. ಬಿಟ್ಟ ಜಾಗವೂ ಬಳಿದ ಜಾಗವೂ ಒಂದಾಗಿ ಬೂದು ಬಣ್ಣದ ಕಲೆ ಉಳಿಯಿತು. ಹೊಸ ಕಾಗದ ತಂದು ಕೂತ. ಕಣ್ಣು ಮುಚ್ಚಿದರೆ ಆ ಗುಂಡುಗುಂಡಾದ ಹುಡುಗಿಯೇ ಬರುತ್ತಿದ್ದಳು. ಮಗಳು ಬರಲಿಲ್ಲ. ಆಮೇಲೆ ಹೆಂಡತಿ ಅವನ ಹತ್ತಿರ ಮಗಳ ಮಾತೆತ್ತಲಿಲ್ಲ. ಪಾಪ, ನೆನೆದು ಅಳುವುದಕ್ಕೂ ಅವನಿಗೆ ಒಂದು ಮುಖ ಉಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. “ಹಾಗಾದರೆ ಈ ನೋವಿಗೆ ಕೊನೆಯೇ ಇಲ್ಲವೇ, ಗುರುಗಳೇ?” ಎಂದು ಶಿಷ್ಯ ಕೇಳಿದ.

“ಇದೆಯಪ್ಪ, ನಿನ್ನ ತಮ್ಮನ ಮುಖ ಮರೆತ ದಿನ ಈ ನೋವೂ ಹೋಗುತ್ತದೆ.”